ತಾಳ ಹಾಕುವ ಊರು

ಹಾಸನದಲ್ಲಿ ಸಂಗೀತ ಕಛೇರಿ ನಡೆಯುವಾಗ ಸ್ವಲ್ಪ ಹೊತ್ತು ವೇದಿಕೆಯನ್ನು ಬಿಟ್ಟು ಸಭಿಕರ ಕೈಗಳನ್ನು ಗಮನಿಸುವುದು ನನಗೆ ಅಂಟಿಕೊಂಡಿರುವ ಚಟ. ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಮತ್ತೆ ಪೆಟ್ಟು, ಹುಸಿ, ಪೆಟ್ಟು, ಹುಸಿ ಎಂದು ಆದಿತಾಳದ ಎಂಟು ಅಕ್ಷರಗಳನ್ನೂ ಬಿಡದೆ ಎಣಿಸುವವರು ಕೆಲವರು. ಎಣಿಕೆಯ ಗೊಡವೆಗೇ ಹೋಗದೆ ಕುರ್ಚಿಯ ಕೈಯನ್ನು ಕುಟ್ಟುತ್ತ ಆನಂದಿಸುವವರು ಹಲವರು. ಪಕ್ಕದವರ ಕೈಯನ್ನು ಕದ್ದು ನೋಡಿ ಅವರು ತಟ್ಟಿದ ಅರೆಕ್ಷಣಕ್ಕೆ ತಾವೂ ತಟ್ಟುವ ಜಾಣರೂ ಉಂಟು. ಇವರೆಲ್ಲರ ನಡುವೆ, ಹುಸಿ ಹಾಕುವಾಗ ಅಂಗೈಯನ್ನು ಆಕಾಶಕ್ಕೆ ಎಸೆಯದೆ ಮಣಿಕಟ್ಟಿನಲ್ಲಿಯೇ ತುಸು ಹೊರಳಿಸಿ ಸುಮ್ಮನಾಗುವ ಒಂದು ಗುಂಪಿದೆ. ಅವರಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಔಷಧದ ಅಂಗಡಿಯವರಿದ್ದಾರೆ, ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರಿದ್ದಾರೆ. ಅವರೆಲ್ಲ ನಮ್ಮ ಮೃದಂಗದ ಮೇಷ್ಟ್ರ ಕೈಯಲ್ಲಿ ಕಲಿತವರೆಂದು ಯಾರನ್ನೂ ಕೇಳದೆಯೇ ಹೇಳಬಹುದು.

ಮೇಷ್ಟ್ರಿಗೆ ಹೆಸರೊಂದು ಇತ್ತು. ಆದರೆ ಅದು ಪಡಿತರ ಚೀಟಿಯಲ್ಲಿ ಮತ್ತು ಮದುವೆಯ ಕರೆಯೋಲೆಗಳಲ್ಲಿ ಮಾತ್ರ ಬಳಕೆಯಾಗುತ್ತಿತ್ತು. ಹಾಸನದ ಕೆ.ಆರ್. ಪುರಂನಲ್ಲಿ ಯಾರನ್ನು ಕೇಳಿದರೂ ‘ಮೃದಂಗದ ಮೇಷ್ಟ್ರ ಮನೆಯೇ?’ ಎಂದು ಮರುಪ್ರಶ್ನೆ ಹಾಕಿ ದಾರಿ ತೋರಿಸುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಪ್ರಶಸ್ತಿಗಳ ಪಟ್ಟಿಯಲ್ಲಿ ಅವರ ಹೆಸರು ಸಿಗುವುದಿಲ್ಲ, ಧ್ವನಿಮುದ್ರಿಕೆಗಳೂ ಇಲ್ಲ. ರಾಮನವಮಿಯ ಪೆಂಡಾಲು, ಹರಿಕಥೆ, ನೃತ್ಯಶಾಲೆಯ ವಾರ್ಷಿಕೋತ್ಸವ, ತ್ಯಾಗರಾಜರ ಆರಾಧನೆ ಇವುಗಳಲ್ಲಿ ಹಾಡುವವರ ಬಲಗಡೆ ಕುಳಿತು ನುಡಿಸಿದ್ದು, ಉಳಿದ ಹೊತ್ತಿನಲ್ಲಿ ಮನೆಯ ನಡುಮನೆಯಲ್ಲಿ ಪಾಠ ಹೇಳಿದ್ದು, ಇಷ್ಟೇ ಅವರ ಚರಿತ್ರೆ. ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಹಂಗಾಮು ಬಂದಾಗ ತಬಲಕ್ಕೆ ಜನ ಸಿಗದಿದ್ದರೆ ಅದಕ್ಕೂ ಹೋಗುತ್ತಿದ್ದರು. ಕೃಷ್ಣನ ಪಾತ್ರಧಾರಿ ಕಂದಪದ್ಯವನ್ನು ಎಳೆದೆಳೆದು ಹಾಡುತ್ತಿರುವಷ್ಟು ಹೊತ್ತು ತಬಲದವನಿಗೆ ಕೆಲಸವಿಲ್ಲ. ಆ ಬಿಡುವಿನಲ್ಲಿ ಎಲೆಅಡಿಕೆ ಮೆಲ್ಲಬಹುದೆಂಬುದು ನಾಟಕದ ಪರವಾಗಿ ಅವರು ಕೊಡುತ್ತಿದ್ದ ಏಕೈಕ ಕಾರಣವಾಗಿತ್ತು.

ಬಾರಿಸುವವನ ಬದುಕಿನ ಬಹುಪಾಲು ಬಾರಿಸುವುದರಲ್ಲಿ ಕಳೆಯುವುದಿಲ್ಲವೆಂದು ನನಗೆ ಗೊತ್ತಾದದ್ದು ಅವರನ್ನು ನೋಡಿಯೇ. ಮೃದಂಗದ ಒಡಲಾದ ಹಲಸಿನ ಮರದ ಕಳಸಿಗೆ, ಅದರ ಎರಡು ಮುಖಗಳನ್ನು ಬಿಗಿದಿಡುವ ಚರ್ಮದ ಬಾರು, ಬಲಮುಖದ ನಡುವೆ ಕಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು ಪದರ ಪದರವಾಗಿ ಉಜ್ಜಿದ ಕರಣೆ, ಇವೆಲ್ಲ ಹವಾಮಾನ ಇಲಾಖೆಗಿಂತ ಮೊದಲೇ ಮಳೆಯನ್ನು ತಿಳಿಯುತ್ತವೆ. ಸಕಲೇಶಪುರದ ಕಡೆಯಿಂದ ಜಡಿಮಳೆ ಹಿಡಿಯಿತೆಂದರೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತಿತ್ತು. ಮೇಷ್ಟ್ರು ಗುಂಡುಕಲ್ಲು ಮತ್ತು ಮರದ ತುಂಡು ಹಿಡಿದು ಅಂಚಿನ ಹೆಣಿಗೆಯನ್ನು ಸುತ್ತಲೂ ತಟ್ಟುತ್ತ ಕೂರುತ್ತಿದ್ದರು. ಕರಣೆ ಹಚ್ಚಿದ ಇಂಥ ಮುಖದಿಂದ ತಂತಿವಾದ್ಯದ ಹಾಗೆ ಸುಸ್ವರವಾದ ಉಪಸ್ವರಗಳು ಹೊರಡುತ್ತವೆಂದು ಸಿ.ವಿ. ರಾಮನ್ ಅವರು 1920ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದನ್ನು ವಿಜ್ಞಾನದ ವಿದ್ಯಾರ್ಥಿಯೊಬ್ಬ ಅವರಿಗೆ ಓದಿ ಹೇಳಿದ್ದ. ಅದನ್ನು ಗಮನವಿಟ್ಟು ಕೇಳಿದ ಮೇಷ್ಟ್ರು, ‘ಸಂತೋಷ, ಆದರೆ ಮಳೆಗಾಲದಲ್ಲಿ ಏನು ಮಾಡಬೇಕೆಂದು ಬರೆದಿದ್ದಾರೆಯೇ?’ ಎಂದು ವಿಚಾರಿಸಿದರು.

ಎಡಮುಖದ ವ್ಯವಹಾರ ಇನ್ನೂ ಬೇರೆ. ಅದಕ್ಕೆ ಗಂಭೀರವಾದ ನಾದ ಬರಬೇಕಾದರೆ ಪ್ರತಿಸಲವೂ ರವೆಯನ್ನು ನೀರಿನಲ್ಲಿ ಕಲಸಿ ನಡುವೆ ಮೆತ್ತಬೇಕು, ಕಛೇರಿ ಮುಗಿದ ಮೇಲೆ ಕೆರೆದು ತೆಗೆಯಬೇಕು. ಉಪ್ಪಿಟ್ಟಿನ ರವೆಯೇ ಇದಕ್ಕೂ ಆಗುತ್ತಿದ್ದುದರಿಂದ ಆ ಮನೆಯ ಅಡುಗೆಮನೆಗೂ ನಡುಮನೆಗೂ ಒಂದು ನಿತ್ಯದ ವ್ಯಾಜ್ಯವಿತ್ತು. ‘ಮಾಷ್ಟ್ರ ಎಡಗೈ ಉಂಡು ಮಿಕ್ಕಿದ್ದು ನಮಗೆ’ ಎಂದು ಅವರ ಮನೆಯವರು ಹೇಳುತ್ತಿದ್ದರೇ ಹೊರತು ಡಬ್ಬವನ್ನು ಬಚ್ಚಿಟ್ಟದ್ದಿಲ್ಲ.

ಅವರ ಪಾಠದಲ್ಲಿ ಮೃದಂಗ ಬೇಗ ಕೈಗೆ ಬರುತ್ತಿರಲಿಲ್ಲ. ಮೊದಲು ಬಾಯಲ್ಲಿ ಹೇಳಬೇಕು, ಕೈಯಲ್ಲಿ ತಾಳ ಹಾಕಬೇಕು. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳನ್ನು, ಎಂದರೆ ಮೂರು, ನಾಲ್ಕು, ಐದು, ಏಳು ಮತ್ತು ಒಂಬತ್ತರ ಎಣಿಕೆಗಳನ್ನು, ತಕಿಟ, ತಕಧಿಮಿ ಎಂಬ ಜತಿಗಳಲ್ಲಿ ಎಲ್ಲರೂ ಕಲಿಸುತ್ತಾರೆ. ಮೇಷ್ಟ್ರು ಮಕ್ಕಳಿಗೆ ಅದನ್ನು ಜಿಲ್ಲೆಯ ಊರುಗಳಲ್ಲಿ ಕಲಿಸಿದರು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಎಂಬ ಕನ್ನಡ ತರಗತಿಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ದುದ್ದ ಎಂದರೆ ಮೂರು. ಹಾಸನ ಎಂದರೆ ನಾಲ್ಕು. ಬೇಲೂರು ಐದು. ಹಾಸನ ಬೇಲೂರು ಎಂದು ಒಟ್ಟಿಗೆ ಹೇಳಿದರೆ ನಾಲ್ಕು ಮತ್ತು ಐದು ಸೇರಿ ಒಂಬತ್ತು. ಸಂಕೀರ್ಣ ಜಾತಿಗೆ ಇಷ್ಟು ಸುಲಭದ ದಾರಿ, ಅದೂ ಡಾಂಬರು ಹಾಕಿದ ದಾರಿ, ಬೇರೆ ಜಿಲ್ಲೆಯವರಿಗೆ ಸಿಗಲಾರದು. ಏಳಕ್ಕೆ ಸಕಲೇಶಪುರ ಆಗುತ್ತದೆಂದು ಒಬ್ಬ ಹುಡುಗ ಸೂಚಿಸಿದಾಗ ಮೇಷ್ಟ್ರು ಅದನ್ನು ಬಾಯಲ್ಲಿ ಎರಡು ಸಲ ಹೇಳಿ ನೋಡಿ ತಳ್ಳಿಹಾಕಿದರು. ‘ಸಕಲೇ’ ಎಂಬಲ್ಲಿ ನಾಲ್ಕು, ‘ಶಪುರ’ ಎಂಬಲ್ಲಿ ಮೂರು ಬರುತ್ತದೆ; ಏಳರ ಎಣಿಕೆಯ ತಾಳವಾದ ಮಿಶ್ರಛಾಪಿಗೆ ಬೇಕಾದದ್ದು ಮೊದಲು ಮೂರು, ಆಮೇಲೆ ನಾಲ್ಕು. ‘ರುದ್ರ’ ಮೂರು, ‘ಪಟ್ಟಣ’ ನಾಲ್ಕು. ಹೀಗೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಮ್ಮ ಪಾಠದಲ್ಲಿ ಮಿಶ್ರಛಾಪು ತಾಳವಾಗಿ ನೆಲೆಗೊಂಡಿತು.

ಆ ಊರಿಗೆ ಅದು ತಕ್ಕ ಗೌರವವೇ ಆಗಿತ್ತು. ಕಾವೇರಿಯ ದಡದ ಆ ಸಣ್ಣ ಊರಿನಿಂದ ಬಂದವರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ; ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರ ಅಲ್ಲಿದೆ. ಹಾಸನ ಜಿಲ್ಲೆಯಲ್ಲಿ ಸಂಗೀತಗಾರನೆಂದು ಹೇಳಿಕೊಂಡವನಿಗೆ ಎದುರಾಗುವ ಮೊದಲ ಪ್ರಶ್ನೆ ‘ತಮ್ಮದು ರುದ್ರಪಟ್ಟಣವೇ?’ ಎಂಬುದು. ಮೇಷ್ಟ್ರದು ಆ ಊರಲ್ಲ. ‘ಅಲ್ಲ, ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಮೃದಂಗಕ್ಕೆ ಲಗೇಜು ಟಿಕೆಟ್ಟು ತೆಗೆದುಕೊಂಡವನು’ ಎಂದು ಅವರು ಉತ್ತರಿಸುತ್ತಿದ್ದರು. ಬಸ್ ನಿಲ್ದಾಣವೆಂದರೆ ಅವರಿಗೆ ಬಹಳ ಇಷ್ಟ. ಕಂಡಕ್ಟರು ‘ಬೇಲೂರು ಬೇಲೂರು ಬೇಲೂರು’ ಎಂದು ಕೂಗತೊಡಗಿದರೆ ಖಂಡನಡೆ ತಪ್ಪುತ್ತಿಲ್ಲವಷ್ಟೇ ಎಂದು ನಿಂತು ಪರೀಕ್ಷಿಸುತ್ತಿದ್ದರು.

ತನಿ ಆವರ್ತನದ, ಎಂದರೆ ಹಾಡು ನಿಂತು ಮೃದಂಗವೇ ನುಡಿಯುವ ಭಾಗದ, ವಿಷಯವನ್ನು ಹೇಳದಿದ್ದರೆ ಮೃದಂಗದವರ ಸ್ಮರಣೆ ಪೂರ್ಣವಾಗುವುದಿಲ್ಲ. ಎರಡು ಗಂಟೆ ಇನ್ನೊಬ್ಬರ ಹಾಡನ್ನು ಹೊತ್ತು ನಡೆದವನಿಗೆ ಕೊನೆಗೆ ಹತ್ತು ಹದಿನೈದು ನಿಮಿಷ ಸ್ವಂತಕ್ಕೆಂದು ಸಿಗುತ್ತದೆ, ಸಭಿಕರು ಕಾಫಿ ಕುಡಿಯಲು ಏಳುವುದೂ ಸರಿಯಾಗಿ ಆಗಲೇ. ಇದಕ್ಕೆ ಕೋಪಿಸಿಕೊಂಡ ವಿದ್ವಾಂಸರಿದ್ದಾರೆ, ಮೈಕಿನಲ್ಲಿ ಗದರಿದವರೂ ಇದ್ದಾರೆ. ನಮ್ಮ ಮೇಷ್ಟ್ರ ಕ್ರಮ ನನಗೆ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಅವರು ತನಿಯನ್ನು ನಿಧಾನವಾಗಿ ಹಬ್ಬಿಸುತ್ತ, ಬಾಗಿಲ ಕಡೆಗೊಂದು ಕಣ್ಣಿಟ್ಟಿದ್ದು, ಲೋಟಗಳನ್ನಿಟ್ಟು ಜನ ಮರಳಿ ಬಂದು ಕುಳಿತ ಮೇಲಷ್ಟೇ ಮುಕ್ತಾಯಕ್ಕೆ ಮುನ್ನ ಬರುವ ಮೋಹರಕ್ಕೆ ಕೈಹಾಕುತ್ತಿದ್ದರು. ತನಿಯನ್ನು ಮುಗಿಸುವ ಮುಕ್ತಾಯವನ್ನು ಮೂರು ಸಲ ನುಡಿಸಿ ಹಾಡಿನ ಎಡುಪಿಗೆ, ಎಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗಕ್ಕೆ, ತಂದು ಇಳಿಸುವ ಹೊತ್ತಿಗೆ ಇಡೀ ಸಭೆ ಜಾಗದಲ್ಲಿರುತ್ತಿತ್ತು. ಚಪ್ಪಾಳೆಯೂ ಪೂರ್ಣವಾಗಿಯೇ ಬೀಳುತ್ತಿತ್ತು.

ಹೀಗೆ ಕೇಳುವವರ ಮೇಲೆಯೇ ಕಣ್ಣಿಟ್ಟಿದ್ದುದರಿಂದಲೋ ಏನೋ, ಪಾಠದಲ್ಲಿ ಅವರದೊಂದು ನಿಯಮವಿತ್ತು: ಹಾಡುಗಾರಿಕೆಯೋ ಮೃದಂಗವೋ, ಮಗು ಯಾವುದನ್ನು ಕಲಿಯಲಿ, ಮನೆಯವರಲ್ಲಿ ಒಬ್ಬರು ಜೊತೆಗೆ ಕೂತು ತಾಳ ಕಲಿಯಬೇಕು. ಮಗು ಮನೆಯಲ್ಲಿ ಅಭ್ಯಾಸ ಮಾಡುವಾಗ ತಾಳ ಹಾಕುವವರು ಬೇಕಲ್ಲ ಎಂಬುದು ಅವರ ವಾದ. ಅಪ್ಪಂದಿರು ಕಚೇರಿಯ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ತಪ್ಪಿಸಿಕೊಳ್ಳಲಾರದ ಅಮ್ಮಂದಿರು ಗೋಡೆಗೆ ಒರಗಿ ಕುಳಿತು, ಒಂದು ಕೈಯಲ್ಲಿ ಹಸುಗೂಸನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ರೂಪಕ ತಾಳ ಹಾಕುತ್ತಿದ್ದರು. ಜೂನಿಯರ್ ಪರೀಕ್ಷೆ ಮುಗಿಯಿತೆಂದು, ಎಸ್.ಎಸ್.ಎಲ್.ಸಿ. ಬಂತೆಂದು ಮಕ್ಕಳಲ್ಲಿ ಹೆಚ್ಚಿನವರು ಸಂಗೀತ ಬಿಟ್ಟರು. ತಾಳ ಉಳಿದದ್ದು ಅಮ್ಮಂದಿರ ಕೈಯಲ್ಲಿ. ವಿದ್ವತ್ ಪರೀಕ್ಷೆಯವರೆಗೆ ಮುಟ್ಟಿದ ಶಿಷ್ಯರು ಅವರಿಗೆ ಕೆಲವರಷ್ಟೇ. ಮಣಿಕಟ್ಟಿನಲ್ಲಿ ಹುಸಿ ಹೊರಳಿಸುವವರು ಊರ ತುಂಬ.

ಆ ಅಮ್ಮಂದಿರಲ್ಲಿ ಒಬ್ಬರು, ಮಗ ಮೃದಂಗವನ್ನು ಅಟ್ಟಕ್ಕೆ ಹಾಕಿ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ, ಅದನ್ನು ತಾವೇ ಕೆಳಗಿಳಿಸಿ ಮೇಷ್ಟ್ರ ಮನೆಗೆ ಹೊತ್ತು ಹೋದರು. ‘ಸುಮ್ಮನೆ ಯಾಕೆ ಹಾಳಾಗಬೇಕು ಮೇಷ್ಟ್ರೇ’ ಎಂದರಂತೆ. ಹತ್ತು ಹನ್ನೆರಡು ವರ್ಷದ ಹುಡುಗರ ಸಾಲಿನಲ್ಲಿ ಕುಳಿತು ತಾಳವಾದ್ಯದ ಜೂನಿಯರ್ ಪರೀಕ್ಷೆ ಬರೆದು ಪಾಸು ಮಾಡಿದರು. ಮೇಷ್ಟ್ರು ಹೋದ ಮೇಲೂ ಅವರು ಕಛೇರಿ ತಪ್ಪಿಸುವುದಿಲ್ಲ, ತನಿಯ ಹೊತ್ತಿನಲ್ಲಿ ಕಾಫಿಗೆ ಏಳುವುದೂ ಇಲ್ಲ. ಕಳೆದ ರಾಮನವಮಿಯಲ್ಲಿ ಹೊರಗಿನಿಂದ ಬಂದಿದ್ದ ಯುವ ಕಲಾವಿದರೊಬ್ಬರು ಬಹಳ ವೇಗವಾಗಿ ನುಡಿಸಿ ದೊಡ್ಡ ಚಪ್ಪಾಳೆ ಗಿಟ್ಟಿಸಿದರು. ಕಛೇರಿ ಮುಗಿದು ಪಾನಕ ಹಂಚುತ್ತಿರುವಾಗ ಈ ತಾಯಿ ಅವರ ಬಳಿಗೆ ಹೋಗಿ, ತುಂಬ ಚೆನ್ನಾಗಿತ್ತೆಂದು ಮನಸಾರೆ ಹೊಗಳಿ, ಲೋಟ ಕೈಗೆ ಕೊಟ್ಟು, ‘ಆದರೆ ಮುಕ್ತಾಯದ ಮೂರನೆಯ ಸಲ ಅರ್ಧ ಅಕ್ಷರ ಮುಂಚೆ ಬಂದಿರಿ, ಅಲ್ಲವೇ?’ ಎಂದು ಕೇಳಿದರು. ಆ ಹುಡುಗ ಪಾನಕ ಕುಡಿಯುವುದನ್ನು ನಿಲ್ಲಿಸಿ, ತನ್ನ ತೊಡೆಯ ಮೇಲೆ ಮತ್ತೊಮ್ಮೆ ಹಾಕಿ ನೋಡಿಕೊಂಡು, ಹೌದಮ್ಮ ಎಂದ.