ಏನನ್ನೂ ಕತ್ತರಿಸದ ಚಾಕು

ಮೊನ್ನೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಜಾಹೀರಾತು ಬಂತು. ವಿಕ್ಕಾ, ಅಂದ್ರೆ ಕಳೆದ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ, ಮಾಟ-ಮಂತ್ರದ ಆಚರಣೆಗಳಿರುವ ಹೊಸ ಧರ್ಮ, ಅದನ್ನು ಶುರು ಮಾಡುವವರಿಗೆ ಪೂರ್ತಿ ಸೆಟ್ ಅಂತೆ. ಕಪ್ಪು ಹಿಡಿಯ ಚಾಕು, ಬಟ್ಟಲು, ಮಂತ್ರದಂಡ, ಐದು ಮೂಲೆಯ ನಕ್ಷತ್ರ ಕೆತ್ತಿದ ಹಿತ್ತಾಳೆ ತಟ್ಟೆ, ಎಲ್ಲ ಒಂದೇ ಡಬ್ಬಿಯಲ್ಲಿ. ನನಗಂತೂ ನಗು ಬಂತು.

ಆ ಚಾಕುವಿಗೆ ಅಥಮೆ ಅಂತಾರೆ. ಅದರಲ್ಲಿ ಏನನ್ನೂ ಹೆಚ್ಚುವುದಿಲ್ಲ, ಹಾಗಾಗಿ ಮೊಂಡಾಗಿದ್ದರೂ ನಡೆಯುತ್ತದೆ. ಆಚರಣೆಗೆ ಮೊದಲು ಸುತ್ತಲೂ ಗಾಳಿಯಲ್ಲಿ ಒಂದು ವೃತ್ತ ಎಳೆಯುವುದೇ ಅದರ ಮುಖ್ಯ ಕೆಲಸ. ಸೊಪ್ಪು, ದಾರ ಕೊಯ್ಯೋಕೆ ಬಿಳಿ ಹಿಡಿಯದು ಬೇರೆ ಉಂಟು.

ಆದರೆ ಎಲ್ಲ ಬಿಟ್ಟು ಚಾಕುವೇ ಯಾಕೆ? ನನ್ನ ಊಹೆ ಇಷ್ಟೇ. ವಿಕ್ಕಾವನ್ನು ಜನರ ಮುಂದೆ ತಂದ ಜೆರಾಲ್ಡ್ ಗಾರ್ಡ್ನರ್‌ಗೆ ಚಾಕುವಿನ ಹುಚ್ಚು. ಮಲಯದಲ್ಲಿ (ಈಗಿನ ಮಲೇಷ್ಯಾ) ಬ್ರಿಟಿಷರ ಕಸ್ಟಮ್ಸ್ ಕೆಲಸದಲ್ಲಿದ್ದವನು, ಅಲ್ಲಿನ ಕೆರಿಸ್ ಕಠಾರಿಗಳ ಮೇಲೆ 1936ರಲ್ಲೇ ಪುಸ್ತಕ ಬರೆದಿದ್ದ. ಅಥಮೆ ಅನ್ನೋ ಹೆಸರು ಬೈಬಲ್ಲಿನ ರಾಜ ಸೊಲೊಮನ್ ಹೆಸರಿನಲ್ಲಿರುವ ಹಳೇ ಮಂತ್ರದ ಹಸ್ತಪ್ರತಿಗಳಿಂದ ಬಂದದ್ದು. ಚಾಕು, ದಂಡ, ಬಟ್ಟಲು, ತಟ್ಟೆ ಅನ್ನೋ ನಾಲ್ಕರ ಗುಂಪು 1888ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೋಲ್ಡನ್ ಡಾನ್ ಅನ್ನೋ ಗುಪ್ತ ಮಂತ್ರವಿದ್ಯೆ ಸಂಘದವರದು. ನಾಲ್ಕೂ ಗಾಳಿ, ಬೆಂಕಿ, ನೀರು, ಮಣ್ಣಿನ ಗುರುತುಗಳು. ಚಾಕು ಅಂದ್ರೆ ಗಾಳಿಯೋ ಬೆಂಕಿಯೋ ಅಂತ ಇವತ್ತಿಗೂ ಜಗಳ ಆಡ್ತಾರೆ, ಆಡಲಿ ಬಿಡಿ.

ನನಗೆ ಇಷ್ಟವಾಗೋದು ಗಾರ್ಡ್ನರ್‌ನ ಬುಕ್ ಆಫ್ ಶ್ಯಾಡೋಸ್, ಅಂದ್ರೆ ವಿಕ್ಕಾದ ಆಚರಣೆಗಳ ಕೈಬರಹದ ಪುಸ್ತಕದಲ್ಲಿರುವ ಒಂದು ಎಚ್ಚರಿಕೆ. ಸಾಮಾನುಗಳು ಯಾರ ಮನೆಯಲ್ಲೂ ಇರುವಂಥವೇ ಆಗಿರಲಿ, ತಟ್ಟೆಯನ್ನು ಮೇಣದಲ್ಲಿ ಮಾಡಿ, ಯಾರಾದರೂ ಹುಡುಕಿಕೊಂಡು ಬಂದರೆ ತಕ್ಷಣ ಮುರಿಯಬಹುದು ಇಲ್ಲ ಕರಗಿಸಬಹುದು ಅಂತ. ಇದು ಮಾಟಗಾತಿಯರನ್ನು ಸುಡುತ್ತಿದ್ದ ಕಾಲದ ಮಾತು ಅನ್ನೋ ಹಾಗೆ ಬರೆದಿದ್ದಾನೆ. ಅದನ್ನು ನಾನು ನಂಬಲ್ಲ. ಇಂಗ್ಲೆಂಡಿನಲ್ಲಿ ಅವರನ್ನು ನೇಣಿಗೆ ಹಾಕುತ್ತಿದ್ದದ್ದೇ ಜಾಸ್ತಿ, ಸುಡುತ್ತಿದ್ದದ್ದು ಕಡಿಮೆ. ಕತೆ ಸುಳ್ಳಾದರೂ ಬುದ್ಧಿಮಾತು ಚೆನ್ನಾಗಿದೆ, ಅಲ್ವಾ? ದಿನಾ ಕೈಯಲ್ಲಿ ಆಡಿದ ಸಾಮಾನಿಗೆ ಒಂದು ರೂಢಿ ಇರುತ್ತದೆ, ಅದನ್ನು ಹಿಡಿದ ಕೂಡಲೇ ಮನಸ್ಸು ನಿಲ್ಲುತ್ತದೆ, ಡಬ್ಬಿಯಿಂದ ಈಗ ತಾನೇ ತೆಗೆದದ್ದಕ್ಕೆ ಅದು ಎಲ್ಲಿಂದ ಬರಬೇಕು? ಸಾಮಾನೇ ಬೇಡ, ಎಲ್ಲ ಮನಸ್ಸಲ್ಲೇ ಇದೆ ಅನ್ನೋರ ಮಾತೂ ನಾನು ಒಪ್ಪಲ್ಲ. ಬರೀ ಮನಸ್ಸಲ್ಲಿ ಕೂತರೆ ನನಗೆ ನಾಳಿನ ಅಡುಗೆ ನೆನಪಾಗುತ್ತದೆ.

ಇನ್ನೊಂದು ಮಾತು. ಇಂಗ್ಲೆಂಡ್, ವೇಲ್ಸ್‌ನಲ್ಲಿರುವವರು ಅಥಮೆಯನ್ನು ಬ್ಯಾಗಿಗೆ ಹಾಕಿಕೊಂಡು ಸುಮ್ನೆ ತಿರುಗಬೇಡಿ. ಸಾರ್ವಜನಿಕ ಜಾಗದಲ್ಲಿ ಚಾಕು ಒಯ್ಯುವುದಕ್ಕೆ 1988ರ ಕಾಯ್ದೆಯ ತಡೆ ಇದೆ. ಧರ್ಮದ ಕಾರಣಕ್ಕೆ ವಿನಾಯಿತಿ ಇದೆ ನಿಜ, ಆದರೆ ಅದನ್ನು ರಸ್ತೆಯಲ್ಲಿ ನಿಂತು ಪೊಲೀಸರಿಗೆ ನೀವೇ ವಿವರಿಸಬೇಕು. ಚಾಕುವಿನ ಬದಲು ಮನೆಯ ಮರದ ಸೌಟು ಹಿಡಿದರೆ ಈ ತಾಪತ್ರಯ ಇಲ್ಲ.