ಟ್ಯಾಂಕರ್ ಪಲ್ಟಿ, ಬಕೆಟ್ ರೆಡಿ

ಪೆಟ್ರೋಲ್ ಟ್ಯಾಂಕರ್ ಮತ್ತೆ ಪಲ್ಟಿ ಹೊಡೆದಿದೆ, ಜನ ಮತ್ತೆ ಮುಗಿಬಿದ್ದಿದ್ದಾರೆ. ಪೊಲೀಸರಿಗೂ ಅಗ್ನಿಶಾಮಕ ದಳಕ್ಕೂ ಮೊದಲೇ ಸ್ಥಳಕ್ಕೆ ಬಕೆಟ್ ತಲುಪಿರುತ್ತದೆ. ಇಷ್ಟು ಚುರುಕಾದ ತುರ್ತು ಸೇವೆಯನ್ನು ಕಟ್ಟಲು ಯಾವ ಸರ್ಕಾರಕ್ಕೂ ಆಗಿಲ್ಲ. ಪೆಟ್ರೋಲ್ ಮೈನಸ್ 40 ಡಿಗ್ರಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ನೆಲ ಹಿಡಿದು, ಚರಂಡಿಗಿಳಿದು, ಎಲ್ಲೋ ದೂರದಲ್ಲಿ ಸ್ಟಾರ್ಟ್ ಆಗುವ ಬೈಕಿನವರೆಗೂ ಹರಿದು ಹೋಗುತ್ತದೆ. ಇದೆಲ್ಲ ಪುಸ್ತಕದ ಬದನೆಕಾಯಿ, ಬಿಡಿ. 2017ರ ಜೂನ್‌ನಲ್ಲಿ ಪಾಕಿಸ್ತಾನದ ಬಹಾವಲ್‌ಪುರ ಜಿಲ್ಲೆಯಲ್ಲಿ ಹೀಗೆ ಪೆಟ್ರೋಲ್ ತುಂಬಿಕೊಳ್ಳಲು ಸೇರಿದ್ದಾಗ ಬೆಂಕಿ ಹೊತ್ತಿ ಸತ್ತವರು ಇನ್ನೂರಕ್ಕೂ ಹೆಚ್ಚು.

ಆದರೆ ಬಕೆಟ್ ಹಿಡಿದವರನ್ನು ಬೈಯುವುದು ಸುಲಭ. ಟ್ಯಾಂಕರ್ ಬೆನ್ನ ಮೇಲಿನ ಬೋರ್ಡಿಗೆ ಬನ್ನಿ. ಅದರಲ್ಲಿ ವಿಶ್ವಸಂಸ್ಥೆ ಪಟ್ಟಿಯ ನಾಲ್ಕಂಕಿ ಸಂಖ್ಯೆ ಇರಬೇಕು: 1203 ಎಂದರೆ ಪೆಟ್ರೋಲ್, 1830 ಎಂದರೆ ಸಲ್ಫ್ಯೂರಿಕ್ ಆಸಿಡ್, 1017 ಎಂದರೆ ಕ್ಲೋರಿನ್. ಗಾಳಿ ಬರುವ ದಿಕ್ಕಿನಲ್ಲಿ ದೂರ ನಿಂತ ಅಗ್ನಿಶಾಮಕ ಸಿಬ್ಬಂದಿ ದುರ್ಬೀನಿನಲ್ಲಿ ಓದಲಿ ಎಂದೇ ಅದು ಇರುವುದು. ನಮ್ಮ ಬೋರ್ಡುಗಳೋ ಕೆಸರು ಬಳಿದುಕೊಂಡು ಮೌನವ್ರತದಲ್ಲಿರುತ್ತವೆ. ಕೆಲವಕ್ಕೆ ಹಿಂದಿನ ಲೋಡಿನ ಮೇಲೆ ಇನ್ನೂ ಮಮತೆ. ಹೊತ್ತದ್ದು ಆಸಿಡ್, ಹೇಳುವುದು ಪೆಟ್ರೋಲ್. ಬದಲಿಸಲು ನಾಲ್ಕು ಸ್ಕ್ರೂ ಬಿಚ್ಚಬೇಕಲ್ಲ, ಪಾಪ! ಈ ಮಮತೆಯ ಫಲ ಅನುಭವಿಸುವವನು ಪೈಪ್ ಹಿಡಿದವನು. ಪೆಟ್ರೋಲ್ ಆದರೆ ಫೋಮ್ ಹೊಡೆಯಬೇಕು. ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಮೇಲೆ ಸ್ವಲ್ಪ ನೀರು ಬಿದ್ದರೆ ಅದು ಕುದಿದು ಮುಖಕ್ಕೇ ಸಿಡಿಯುತ್ತದೆ. ಕ್ಲೋರಿನ್ ಸೋರುವ ಜಾಗಕ್ಕೇ ನೀರು ಬಿಟ್ಟರೆ ಅಲ್ಲೇ ಆಮ್ಲವಾಗಿ ಲೋಹ ತಿಂದು ತೂತು ದೊಡ್ಡದಾಗುತ್ತದೆ.

ಲೋಡಿಂಗ್ ವಿದ್ಯೆಯನ್ನೂ ಸ್ವಲ್ಪ ಹೊಗಳಬೇಕು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ, ಸಲ್ಫ್ಯೂರಿಕ್ ಆಸಿಡ್ 1.84 ಕೆಜಿ. ಪೆಟ್ರೋಲ್ ಲೆಕ್ಕದ ಟ್ಯಾಂಕಿಗೆ ಕಂಠಪೂರ್ತಿ ಆಸಿಡ್ ಸುರಿದರೆ ಆ್ಯಕ್ಸಲ್ ಮೇಲೆ ಎರಡು ಪಟ್ಟಿಗೂ ಮೀರಿದ ಸರಕಿನ ಹೊರೆ. ಹಾಗೆಂದು ಅರ್ಧ ತುಂಬಿಸಿದರೆ ಇನ್ನೊಂದು ತಮಾಷೆ: ಒಳಗೆ ಅಡ್ಡ ಹಲಗೆಗಳಿಲ್ಲದ ಟ್ಯಾಂಕಿನಲ್ಲಿ ದ್ರವ ತಿರುವಿನಲ್ಲಿ ಹೊರಗಿನ ಮಗ್ಗುಲಿಗೆ ನುಗ್ಗಿ ಗಾಡಿಯನ್ನೇ ಮಲಗಿಸುತ್ತದೆ. ಅದಕ್ಕೇ ಯುರೋಪಿನ ನಿಯಮ, 7,500 ಲೀಟರಿಗೂ ದೊಡ್ಡದಾದ ಇಂಥ ಟ್ಯಾಂಕನ್ನು ಒಂದೋ ಶೇ. 80ಕ್ಕೆ ಕಡಿಮೆಯಿಲ್ಲದಂತೆ ತುಂಬಿ, ಇಲ್ಲವೇ ಶೇ. 20 ದಾಟಿಸಬೇಡಿ ಎನ್ನುತ್ತದೆ. ನಮ್ಮ ಮಾಲೀಕರಿಗೆ ಅರ್ಧ ಇಲ್ಲಿ ಇಳಿಸಿ ಅರ್ಧ ಅಲ್ಲಿ ಇಳಿಸುವುದರಲ್ಲೇ ಲಾಭ.

ತಳದಲ್ಲಿ ವಾಲ್ವ್ ಒಂದಲ್ಲ. ಟ್ಯಾಂಕಿನ ಒಳಗೊಂದು, ಹೊರಗಿನ ಪೈಪಿನಲ್ಲೊಂದು, ತುದಿಗೆ ಮುಚ್ಚಳ. ಒಳಗಿನದನ್ನು ಮುಚ್ಚಿಟ್ಟಿದ್ದರೆ ಡಿಕ್ಕಿಯಲ್ಲಿ ಪೈಪ್ ಮುರಿದು ಬಿದ್ದರೂ ಸರಕು ಒಳಗೇ ಉಳಿಯುತ್ತದೆ. ಆದರೆ ಇಳಿಸುವಲ್ಲಿ ಎರಡು ನಿಮಿಷ ಉಳಿಯಲೆಂದು ಅದನ್ನು ತೆರೆದೇ ಓಡಿಸುತ್ತಾರೆ. ಕಿಡಿ ಹಾರದಂತೆ ಟ್ಯಾಂಕಿನ ಸ್ಟ್ಯಾಟಿಕ್ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕ್ಲಿಪ್ಪನ್ನು ಪೇಂಟಿನ ಮೇಲೆ ಕಚ್ಚಿಸಿ 'ಹಾಕಿದೆ' ಎಂದು ಟಿಕ್ ಮಾಡುವುದೂ ಇದೇ ಜಾಣತನ. ಬಣ್ಣದ ಮೂಲಕ ಸ್ಟ್ಯಾಟಿಕ್ ಹರಿಯುವುದಿಲ್ಲ, ಆದರೆ ಚೆಕ್‌ಲಿಸ್ಟಿಗೆ ಅಷ್ಟು ಸಾಕು.

1978ರಲ್ಲಿ ಸ್ಪೇನಿನ ಲಾಸ್ ಅಲ್ಫಾಕೆಸ್ ಕ್ಯಾಂಪಿಂಗ್ ಜಾಗದ ಪಕ್ಕ ಸ್ಫೋಟಿಸಿದ ಪ್ರೊಪಿಲೀನ್ (ಒತ್ತಡದಲ್ಲಿ ದ್ರವವಾಗಿಸಿದ, ಹೊತ್ತಿಕೊಳ್ಳುವ ಅನಿಲ) ಟ್ಯಾಂಕರಿನಲ್ಲಿ ಸುಮಾರು 19 ಟನ್ ಇರಬೇಕಾದ ಕಡೆ 23 ಟನ್ನಿಗೂ ಹೆಚ್ಚಿತ್ತು. ಇನ್ನೂರಕ್ಕೂ ಹೆಚ್ಚು ಜನ, ಬಹುಪಾಲು ರಜೆಗೆ ಬಂದವರು, ಸತ್ತುಹೋದರು. ಆಮೇಲೂ ತೂಕದ ಚೀಟಿ ನೋಡದೆ ಗೇಟ್ ತೆರೆಯುವವರನ್ನು ಕಂಡರೆ ವಿಡಂಬನೆ ಬರೆಯುವ ಉತ್ಸಾಹವೂ ಸತ್ತುಹೋಗುತ್ತದೆ. ಯಾರಿಗೂ ಗೊತ್ತಿಲ್ಲದ ಸಂಗತಿ ಇದರಲ್ಲಿ ಒಂದೂ ಇಲ್ಲ. ಗೊತ್ತಿದ್ದೇ ಬಿಡುತ್ತಾರೆ.

ಇಳಿಸಿ ಮುಗಿದ ಕೂಡಲೇ 'ಖಾಲಿ ಗಾಡಿ' ಎಂದು ಬೋರ್ಡ್ ಕಿತ್ತೊಗೆಯುತ್ತಾರೆ. ಪೆಟ್ರೋಲ್ ಆವಿ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದಾಗ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ದಟ್ಟ. ಖಾಲಿ ಮಾಡಿ ಮುಚ್ಚಳ ತೆರೆದಿಟ್ಟರೆ ಗಾಳಿ ಬೆರೆತು ಸರಿಯಾಗಿ ಆ ಮಟ್ಟಕ್ಕೆ ಇಳಿಯುತ್ತದೆ. ತೊಳೆದು, ಆವಿ ಹೊರಹಾಕಿ, ಮೀಟರಿನಲ್ಲಿ ನೋಡುವವರೆಗೂ ಬೋರ್ಡ್ ಇರಬೇಕು. ಇಲ್ಲಿ ಗಾಡಿ ನೇರ ಗ್ಯಾರೇಜಿಗೆ. 'ಖಾಲಿನೇ ಇದೆಯಪ್ಪಾ, ಬೇಗ ಎರಡು ಟಾಕಿ ಹಾಕು' ಎಂದು ವೆಲ್ಡರ್‌ಗೆ ಹೇಳುವ ಮಾಲೀಕರು ತಾವು ಮಾತ್ರ ರಸ್ತೆಯ ಆಚೆ ನಿಂತೇ ಹೇಳುತ್ತಾರೆ.