ಹಳಿ ಕಿತ್ತ ದಾರಿ

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿ ಮೇಲೆ ನಡೆದವರು ನಮ್ಮ ವಯಸ್ಸಿನವರಲ್ಲಿ ಬಹಳ ಮಂದಿ. 1996ರಲ್ಲಿ ಮೀಟರ್ ಗೇಜ್ ನಿಂತಿತ್ತು, ಬ್ರಾಡ್ ಗೇಜ್ ಇನ್ನೂ ಬಂದಿರಲಿಲ್ಲ. ಆಗ ನಾನೂ ನಡೆದೆ. ಸುರಂಗ ಎಷ್ಟಾಯ್ತು, ಸೇತುವೆ ಎಷ್ಟಾಯ್ತು ಅಂತ ಎಣಿಸಿದ್ದೇ ಎಣಿಸಿದ್ದು. ಈಗ ಅಲ್ಲಿ ರೈಲು ಓಡುತ್ತದೆ, ನಡೆಯುವ ಹಾಗಿಲ್ಲ. ಅದು ಸರಿಯೇ.

ಈಗ ನಾನಿರುವುದು ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ. ಇಲ್ಲಿ ರೆಮುಟಕ ಬೆಟ್ಟದ ಮೇಲೆ 1878ರಲ್ಲಿ ರೈಲು ಹಾಕಿದ್ದರು. 1955ರಲ್ಲಿ ಬೆಟ್ಟದಡಿ 8.8 ಕಿಲೋಮೀಟರ್ ಸುರಂಗ ಬಂತು, ಮೇಲಿನ ಹಳಿ ಕಿತ್ತರು. ಈಗ ಅದೇ ಕಾಲುದಾರಿ. ನಮ್ಮ ಘಾಟಿಯಲ್ಲಿ ರೈಲು 50 ಮೀಟರಿಗೆ ಒಂದು ಮೀಟರ್ ಏರಿದರೆ, ಇಲ್ಲಿ ಕಡಿದಾದ ಕಡೆ 15 ಮೀಟರಿಗೇ ಒಂದು. ಮಾಮೂಲಿ ಎಂಜಿನ್ ಜಾರುತ್ತಿತ್ತು. ಅದಕ್ಕೆ ನಡುವೆ ಮೂರನೇ ಹಳಿ ಹಾಕಿ, ಎಂಜಿನ್ನಿಗೆ ಅಡ್ಡ ಚಕ್ರ ಕೊಟ್ಟು, ಅದು ಆ ಹಳಿಯನ್ನು ಎರಡೂ ಕಡೆಯಿಂದ ಹಿಚುಕಿಕೊಂಡು ಏರುವ ಹಾಗೆ ಮಾಡಿದ್ದರು.

ಸೈಬೀರಿಯಾ ಅಂತ ಒಂದು ತಿರುವಿದೆ. ಅಲ್ಲಿ 1880ರಲ್ಲಿ ಗಾಳಿ ರೈಲಿನ ಬೋಗಿಗಳನ್ನೇ ಹಳಿಯಿಂದ ಎತ್ತಿ ಉರುಳಿಸಿತು. ಸತ್ತವರು ಮಕ್ಕಳು. ಆ ಕಥೆ ಗೊತ್ತಿದ್ದು ಅಲ್ಲಿ ನಿಂತಾಗ ಬೀಸುವ ಗಾಳಿಯೇ ಬೇರೆ.

ಆದರೆ ನನಗೆ ಇವರ ಮೇಲೆ ಹೊಟ್ಟೆಕಿಚ್ಚಾಗುವುದು ಒಂದೇ ವಿಷಯಕ್ಕೆ. ಇವರ ಕಾಡು ನಮ್ಮದಕ್ಕಿಂತ ಚೆಂದ ಅಂತ ನಾನು ಒಪ್ಪೋದಿಲ್ಲ. ದಾರಿಯ ಒಂದು ತುದಿಯಲ್ಲಂತೂ ಬರೀ ಪೈನ್ ತೋಪು, ನಮ್ಮ ಅಕೇಶಿಯಾ ನೆಟ್ಟ ಗುಡ್ಡಗಳ ಹಾಗೇ. ಆದರೆ ಹೆಸರಿನ ವಿಷಯದಲ್ಲಿ ಇವರು ಬಿಗಿ. ತುಂಬಾ ಕಾಲ 'ರಿಮುಟಕ' ಅಂತ ತಪ್ಪಾಗಿ ಬರೆಯುತ್ತಿದ್ದರು. 2017ರಲ್ಲಿ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮಾತಿನಂತೆ 'ರೆಮುಟಕ' ಮಾಡಿದರು. ಕೂತು ದಣಿವಾರಿಸಿಕೊಂಡ ಹಿರಿಯನೊಬ್ಬನ ನೆನಪಿನ ಹೆಸರದು. ಬರೀ ಒಂದು ಅಕ್ಷರಕ್ಕೆ ಇಷ್ಟು ಮುತುವರ್ಜಿ!

ಮರಗಳಿಗೂ ಹಾಗೇ. ರಿಮು, ರಾಟಾ ಅಂತ ಮಾವೊರಿ ಹೆಸರುಗಳನ್ನೇ ಎಲ್ಲರೂ ಹೇಳುತ್ತಾರೆ. ರಾಟಾ ಬೇರೆ ಮರದ ತಲೆ ಮೇಲೆ ಮೊಳೆತು, ಬೇರನ್ನು ಕೆಳಗಿಳಿಸಿ, ನಿಧಾನವಾಗಿ ಆ ಮರವನ್ನೇ ಸುತ್ತಿಕೊಳ್ಳುತ್ತದೆ. ಆಸ್ಟ್ರೇಲಿಯಾದಿಂದ ತಂದ ಪಾಸಮ್ ಎಂಬ ಪ್ರಾಣಿ ಇದರ ಎಲೆ ತಿಂದು ಮುಗಿಸುತ್ತದೆ ಅಂತ ಬೋನು ಇಟ್ಟು ಕಾಯುತ್ತಾರೆ.

ನಮ್ಮ ಘಾಟಿಯಲ್ಲೂ ಹೀಗೇ ಮರ ನುಂಗುವ ಮರ ನೋಡಿದ ನೆನಪು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಎರಡು ದಿನ ನಡೆದವನು ನಾನು! ಕೊನೆಗೆ ಸಕಲೇಶಪುರದ ಚಿಕ್ಕಪ್ಪನಿಗೆ ಫೋನ್ ಮಾಡಿ, ಮರದ ಗುರುತು ಹೇಳಿದೆ.

"ಗೋಣಿ ಮರ ಮಾರಾಯ," ಅಂದರು. "ಇದನ್ನ ಕೇಳೋಕೆ ಅಷ್ಟು ದೂರದಿಂದ ಫೋನ್ ಮಾಡಿದ್ಯಾ?"